ಮೊಬೈಲು ಹೇಳಿಕೊಡುವ ಕನ್ನಡ

ನಮ್ಮ ಮಾತನ್ನು ಎದುರಿಗಿದ್ದವರು ಅರ್ಧಕ್ಕೇ ಹಿಡಿದು ತಾವೇ ಮುಗಿಸಿಬಿಟ್ಟರೆ ನಮಗೆ ಸಿಟ್ಟು ಬರುತ್ತದೆ. ಅದನ್ನೇ ಮೊಬೈಲು ದಿನಕ್ಕೆ ನೂರು ಸಲ ಮಾಡಿದರೂ ಸುಮ್ಮನಿರುತ್ತೇವೆ. ಎರಡು ಅಕ್ಷರ ಒತ್ತುವಷ್ಟರಲ್ಲಿ ಕೀಬೋರ್ಡಿನ ಮೇಲೆ ಎರಡು-ಮೂರು ಶಬ್ದಗಳು ಬಂದು ನಿಲ್ಲುತ್ತವೆ. ಒಂದನ್ನು ಮುಟ್ಟಿದರೆ ಪೂರ್ತಿ ಶಬ್ದ ಮೂಡುತ್ತದೆ. ಇದರ ಉಪಕಾರ ಸಣ್ಣದಲ್ಲ. ಒತ್ತಕ್ಷರ ಹುಡುಕುವ ಬೇಸರಕ್ಕೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ನಮ್ಮ ತಿರ್ಲಾಪುರದ ಹೆಣ್ಣುಮಕ್ಕಳು ಈಗ ಕನ್ನಡ ಲಿಪಿಯಲ್ಲೇ ಬರೆಯುವುದನ್ನು ಕಾಣುತ್ತೇನೆ. ಉಪಕಾರ ದೊಡ್ಡದಾದ್ದರಿಂದಲೇ ಅದರ ಗುಣದೋಷಗಳನ್ನು ತೂಗಿ ನೋಡಬೇಕು.

ಹೆಚ್ಚು ಜನ ಬರೆದ ಶಬ್ದ, ಹಿಂದಿನ ಶಬ್ದದ ಜೊತೆಗೆ ಸಾಮಾನ್ಯವಾಗಿ ಬರುವ ಶಬ್ದ, ನಾವೇ ಮೊದಲು ಬರೆದ ಶಬ್ದ, ಇವುಗಳ ಲೆಕ್ಕ ಹಾಕಿ ಯಂತ್ರ ಊಹಿಸುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವಾಗ ಹಲ್ಲಿಗೂ ಹಳ್ಳಿಗೂ ಒತ್ತುವ ಅಕ್ಷರಗಳು ಒಂದೇ. ಹಿಂದೆ 'ನಮ್ಮ' ಎಂದಿದ್ದರೆ ಹಳ್ಳಿಯನ್ನೂ 'ಗೋಡೆಯ ಮೇಲಿನ' ಎಂದಿದ್ದರೆ ಹಲ್ಲಿಯನ್ನೂ ಮುಂದಿಡುವುದು ಜಾಣತನ.

ಆದರೆ ಈ 'ಹೆಚ್ಚು ಜನ' ಯಾರು? ಅಚ್ಚಾದ ಕನ್ನಡ, ಅಂತರ್ಜಾಲದ ಕನ್ನಡ ಬರೆದವರು. ನಮ್ಮ ಎರಿಹೊಲದ ಮಾತು ಅದರಲ್ಲಿ ಎಷ್ಟಿದ್ದೀತು? 'ಅವ್ವಾ, ನಾಳಿ ಚರಗಾ ಚೆಲ್ಲಾಕ ಬರ್ತೀನಿ' ಎಂದು ಬರೆಯಹೊರಟರೆ ನನ್ನ ಮೊಬೈಲು 'ನಾಳಿ'ಯನ್ನು 'ನಾಳೆ' ಮಾಡುತ್ತದೆ. 'ಚೆಲ್ಲಾಕ' ಎಂಬಲ್ಲಿ ಗೊತ್ತುಗುರಿಯಿಲ್ಲದ ಶಬ್ದ ತಂದಿಡುತ್ತದೆ. ಉತ್ತರಪತ್ರಿಕೆಯಲ್ಲಿ 'ನಾಳೆ' ಎಂದೇ ಬರೆಯಿರೆಂದು ನಾನೂ ಮಕ್ಕಳಿಗೆ ಕಲಿಸುತ್ತೇನೆ. ಆದರೆ ಅವ್ವನಿಗೆ ಬರೆಯುವ ಓಲೆ ಉತ್ತರಪತ್ರಿಕೆಯಲ್ಲ. ಅಲ್ಲಿಯೂ ತಿದ್ದುವ ಕೆಂಪು ಶಾಯಿ ಬಂದರೆ, ಬರೆಯುವ ಹುಡುಗಿಗೆ ತನ್ನ ಮನೆಯ ಮಾತೇ ತಪ್ಪು ಎನಿಸತೊಡಗುತ್ತದೆ.

ನಮ್ಮ ಧಾರವಾಡ ಸೀಮೆಯಲ್ಲಿ ಓಡಾಡಿದ್ದ ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕೋಶದಲ್ಲಿ ಸುಮಾರು 70,000 ಶಬ್ದಗಳಿವೆ. ಕಾವ್ಯದ ಶಬ್ದಗಳ ಪಕ್ಕದಲ್ಲೇ ಜನರ ಬಾಯಿಯ ಮಾತು, ಗಾದೆಗಳಿಗೂ ಅವರು ಸ್ಥಳ ಕೊಟ್ಟರು. ಕಾಗದ-ಮಸಿಯಲ್ಲಿ ಆದ ಕೆಲಸ ಯಂತ್ರಕ್ಕೆ ಅಸಾಧ್ಯವೆಂದರೆ ಒಪ್ಪುವುದು ಹೇಗೆ?

ಇನ್ನೊಂದು ಕೊರತೆ ವ್ಯಾಕರಣದ್ದು. ಇಂಗ್ಲಿಷಿನಲ್ಲಿ ಒಂದು ನಾಮಪದಕ್ಕೆ ರೂಪಗಳು ಕೆಲವೇ. ನಮ್ಮಲ್ಲಿ 'ಮನೆ'ಯೊಂದರಿಂದಲೇ ಮನೆಗೆ, ಮನೆಯಿಂದ, ಮನೆಯಲ್ಲಿ, ಮನೆಯವರಿಗೂ, ಮನೆಯವರಿಗಾದರೂ ಎಂದು ಸಾಲು ಬೆಳೆಯುತ್ತದೆ. ಇವನ್ನೆಲ್ಲ ಇಡಿಯಾಗಿ ಪಟ್ಟಿ ಮಾಡಿ ಮುಗಿಯುವುದುಂಟೆ? ಮೊದಲು 'ಮನೆ' ತೋರಿಸಿ, ಅದನ್ನು ಆರಿಸಿದ ಮೇಲೆ ಪ್ರತ್ಯಯಗಳನ್ನು ಒಂದೊಂದಾಗಿ ಮುಂದಿಟ್ಟರೆ ಶ್ರಮ ಉಳಿಯುತ್ತದೆ. ನಡುವಿನ ಯಕಾರ ಎಲ್ಲಿ ಬರಬೇಕೆಂಬುದನ್ನು ಮಕ್ಕಳೂ ಕಲಿಯುತ್ತಾರೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ರೂಪಿಸಿದಾಗ 'ಕ' ಒತ್ತಿ 'ಇ' ಒತ್ತಿದರೆ 'ಕಿ' ಆಗುವಂತೆ ನಮ್ಮ ಕಾಗುಣಿತದ ದಾರಿಯನ್ನೇ ಹಿಡಿದರು. ಅಕ್ಷರಕ್ಕೆ ಸಿಕ್ಕ ಈ ಮರ್ಯಾದೆ ಶಬ್ದಕ್ಕೂ ಸಿಗಬೇಕು.

ಹೆಣ್ಣುಮಕ್ಕಳು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊಬೈಲು ಒಂದೇ. ಗಂಡ, ಮಕ್ಕಳು, ಮೈದುನ ಎಲ್ಲರ ಕೈಗೂ ಹೋಗುತ್ತದೆ. ನಾವು ತಂಗಿಗೆ ಬರೆದ ಆಸ್ಪತ್ರೆಯ ಹೆಸರು, ಸಾಲದ ಮಾತು ಯಂತ್ರಕ್ಕೆ ನೆನಪಿರುತ್ತದೆ. ನಾವು ಸಂದೇಶ ಅಳಿಸಿದರೂ, ಇನ್ನೊಬ್ಬರು ಮೊದಲ ಅಕ್ಷರ ಒತ್ತಿದಾಗ ಅದು ಮೇಲೆ ಬಂದು ಕೂಡಬಹುದು. ಹಲವು ಕೀಬೋರ್ಡುಗಳಲ್ಲಿ ಅಂಥ ಶಬ್ದವನ್ನು ಒತ್ತಿ ಹಿಡಿದರೆ ಅಳಿಸುವ ಅನುಕೂಲವಿದೆ. ಸೆಟ್ಟಿಂಗ್ಸಿನಲ್ಲಿ ಕಲಿತದ್ದನ್ನೆಲ್ಲ ಮರೆಸಲೂಬಹುದು. ಇದನ್ನು ಮೂಲೆಯಲ್ಲಿ ಬಚ್ಚಿಡದೆ ಎದುರಿಗೇ ಇಡಬೇಕು.

ನನ್ನ ತೀರ್ಪು ಇಷ್ಟೇ. ನಾವು ಬರೆದದ್ದು ಪಟ್ಟಿಯಲ್ಲಿ ಮೊದಲು ಇರಲಿ, ಯಂತ್ರದ ಊಹೆ ಆಮೇಲೆ ಬರಲಿ. ಕೇಳದೆ ತಿದ್ದುವುದು ಬೇಡ. ಒಂದೆರಡು ಸಲ ಬರೆದ 'ನಾಳಿ'ಯನ್ನು ಅದು ಕಲಿಯಲಿ, ಮರೆ ಎಂದಾಗ ಮರೆಯಲಿ. ಪಕ್ಕದಲ್ಲಿ ಕೂತು, ಶಬ್ದಕ್ಕೆ ತಡವರಿಸಿದಾಗ ಮಾತ್ರ ಮೆಲ್ಲಗೆ ನೆನಪಿಸುವ ಗೆಳತಿ ನಮಗೆ ಬೇಕು. ನಮ್ಮ ಪರವಾಗಿ ತಾನೇ ಮಾತಾಡಿಬಿಡುವ ಗೆಳತಿ ಬೇಡ.