ಅಂಜುಬುರುಕನ ತಾಳ್ಮೆ

ಕಷ್ಟಗಳ ನಡುವೆ ವಿಶ್ವಾಸವನ್ನು ಬಿಡದೆ ಕೊನೆಯವರೆಗೂ ನಡೆಯುವುದು ಕ್ರೈಸ್ತ ಸಾಹಿತ್ಯದ ಹಳೆಯ ವಸ್ತುಗಳಲ್ಲಿ ಒಂದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ನರ ಕೈಯಲ್ಲಿ ಇದು ಒಂದು ಪರಂಪರೆಯಾಗಿಯೇ ಬೆಳೆಯಿತು. ಈ ಪರಂಪರೆಯ ಮೇಲೆ ಎರಡು ಆಕ್ಷೇಪಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ಇದು ಬಡವರಿಗೆ ಸುಮ್ಮನೆ ಸಹಿಸಿಕೊಂಡಿರುವುದನ್ನು ಕಲಿಸಿದ ಸಾಹಿತ್ಯ ಎಂಬುದು ಮೊದಲನೆಯದು. ಇದರ ನಾಯಕ ತನ್ನ ಒಬ್ಬನ ಉದ್ಧಾರಕ್ಕಾಗಿ ಹೆಂಡತಿ ಮಕ್ಕಳನ್ನೂ ಬಿಟ್ಟು ಓಡುವ ಒಂಟಿಗ ಎಂಬುದು ಎರಡನೆಯದು. ಜಾನ್ ಬನ್ಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯ ಆರಂಭದಲ್ಲಿ ಕ್ರಿಶ್ಚಿಯನ್ ಎಂಬ ಯಾತ್ರಿಕ ಕಿವಿಯಲ್ಲಿ ಬೆರಳಿಟ್ಟುಕೊಂಡು ಮನೆಯಿಂದ ಓಡುತ್ತಾನೆ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಈ ದೃಶ್ಯವನ್ನೇ ಪ್ರಾಟೆಸ್ಟಂಟ್ ಮನಸ್ಸಿನ ಒಂಟಿತನಕ್ಕೆ ಸಾಕ್ಷಿಯಾಗಿ ಬಳಸಿದ. ಅಂದಿನಿಂದ ಆ ಪುಟ ಇಡೀ ಪುಸ್ತಕದ ಗುರುತಾಗಿಬಿಟ್ಟಿದೆ. ಎರಡೂ ಆಕ್ಷೇಪಗಳು ಪುಸ್ತಕವನ್ನು ಅರ್ಧಕ್ಕೆ ಮುಚ್ಚಿಟ್ಟು ಕೊಟ್ಟ ತೀರ್ಪುಗಳು.

ಪರಂಪರೆಯ ಬೇರುಗಳು ಎಲ್ಲರಿಗೂ ತಿಳಿದವೇ. ಯೋಬನ ಕಥೆ, ಯಾಕೋಬನ ಪತ್ರಿಕೆ, ಓಟದ ಕಣವನ್ನು ಚಿತ್ರಿಸುವ ಇಬ್ರಿಯರ ಪತ್ರಿಕೆ ಮೂಲದಲ್ಲಿವೆ. 1563ರಲ್ಲಿ ಬಂದ ಜಾನ್ ಫಾಕ್ಸನ ಹುತಾತ್ಮರ ಗ್ರಂಥ ಸುಟ್ಟುಹೋದವರ ಧೈರ್ಯವನ್ನು ಮನೆಮಾತಾಗಿಸಿತು. 1618–19ರ ಡಾರ್ಟ್ ಸಭೆ, ದೇವರು ಆರಿಸಿಕೊಂಡವರು ಕೊನೆಯವರೆಗೂ ಉಳಿಯುತ್ತಾರೆ, ಅವರನ್ನು ಉಳಿಸುವುದು ಅವರ ಬಲವಲ್ಲ, ದೇವರ ಕೃಪೆ ಎಂಬ ಸಿದ್ಧಾಂತವನ್ನು ಗಟ್ಟಿ ಮಾಡಿತು. ಸಿದ್ಧಾಂತ ಇಷ್ಟು ಸರಳ. ತಾನು ಆರಿಸಲ್ಪಟ್ಟವನೋ ಅಲ್ಲವೋ ಎಂದು ತಿಳಿಯದೆ ರಾತ್ರಿ ಕಳೆಯುವವನ ಪಾಡು ಸರಳವಲ್ಲ. ಬನ್ಯನ್ ಬರೆದದ್ದು ಆ ಪಾಡನ್ನು.

1628ರಲ್ಲಿ ಬೆಡ್‌ಫರ್ಡ್ ಬಳಿಯ ಎಲ್‌ಸ್ಟೋದಲ್ಲಿ ಹುಟ್ಟಿದ ಆತ ಊರೂರು ತಿರುಗಿ ತೂತುಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕುವವನ ಮಗ; ಕಸುಬೂ ಅದೇ. 1660ರ ನವೆಂಬರಿನಲ್ಲಿ, ಅನುಮತಿಯಿಲ್ಲದೆ ಬೋಧಿಸಿದ್ದಕ್ಕೆ ಅವನನ್ನು ಹಿಡಿದರು. ವಾರಂಟ್ ಹೊರಟ ಸುದ್ದಿ ಮೊದಲೇ ತಲುಪಿತ್ತು, ತಪ್ಪಿಸಿಕೊಳ್ಳಲು ಸಮಯವಿತ್ತು; ಅವನು ಹೋಗಲಿಲ್ಲ. 1593ರ ಹಳೆಯ ಕಾಯಿದೆಯಡಿ ಶಿಕ್ಷೆಯಾಯಿತು. ಇನ್ನು ಬೋಧಿಸುವುದಿಲ್ಲ ಎಂದು ಒಪ್ಪಿಕೊಂಡಿದ್ದರೆ ಬಿಡುಗಡೆ ಸಿಗುತ್ತಿತ್ತು. ಒಪ್ಪದೆ ಹನ್ನೆರಡು ವರ್ಷ ಬೆಡ್‌ಫರ್ಡ್ ಜೈಲಿನಲ್ಲಿ ಉಳಿದ. ಹೊರಗೆ ಮೊದಲ ಹೆಂಡತಿಯ ನಾಲ್ವರು ಮಕ್ಕಳಿದ್ದರು. ಹಿರಿಯವಳಾದ ಮೇರಿಗೆ ಕಣ್ಣಿರಲಿಲ್ಲ. ಅವರ ಹೊಟ್ಟೆಗಾಗಿ ಜೈಲಿನೊಳಗೆ ಕೂತು ಲಾಡಿಗಳ ತುದಿಗೆ ತಗಡು ಸುತ್ತಿ ಮಾರಾಟಕ್ಕೆ ಕಳಿಸುತ್ತಿದ್ದ. ದಿನವೂ ಒಂದೇ ಮಾತು ಕೇಳಲ್ಪಟ್ಟು ದಿನವೂ ಒಲ್ಲೆ ಎಂದವನ ತಾಳ್ಮೆ ಇದು. ಇದನ್ನು ಸುಮ್ಮನಿರುವಿಕೆ ಎಂದು ಕರೆಯುವವರು ಜೈಲಿನ ಬಾಗಿಲು ಒಳಗಿನಿಂದಲೂ ತೆರೆಯುವಂತಿತ್ತು ಎಂಬುದನ್ನು ಮರೆಯುತ್ತಾರೆ.

ಎರಡನೆಯ ಹೆಂಡತಿ ಎಲಿಜಬೆತ್‌ಳದು ಅವನಿಗಿಂತ ಕಡಿಮೆಯ ಕಥೆಯಲ್ಲ. ಗಂಡನ ಬಂಧನದ ಆಘಾತಕ್ಕೆ ದಿನ ತುಂಬದೆ ಹೆತ್ತು ಕೂಸನ್ನು ಕಳೆದುಕೊಂಡಿದ್ದ ಆಕೆ, 1661ರ ಆಗಸ್ಟಿನಲ್ಲಿ ನ್ಯಾಯಾಧೀಶರ ಎದುರು ನಿಂತು ವಾದಿಸಿದಳು. ಗಂಡ ಪಾತ್ರೆ ಬೆಸೆಯುವ ಬಡವನಾದ್ದರಿಂದಲೇ ಅವನಿಗೆ ನ್ಯಾಯ ಸಿಗುತ್ತಿಲ್ಲ ಎಂದು ಮುಖಕ್ಕೆ ಹೇಳಿದಳು. ನ್ಯಾಯಾಧೀಶರಲ್ಲಿ ಒಬ್ಬನಾದ ಮ್ಯಾಥ್ಯೂ ಹೇಲ್ ಮರುಗಿದ. ಜೊತೆಯಲ್ಲಿದ್ದ ಟ್ವಿಸ್ಡನ್ ಸಿಡುಕಿದ. ಬಿಡುಗಡೆಯಂತೂ ಆಗಲಿಲ್ಲ.

1666ರ ‘ಗ್ರೇಸ್ ಅಬೌಂಡಿಂಗ್’ ಆತ್ಮಕಥೆಯಲ್ಲಿ ಬನ್ಯನ್ ತನ್ನ ಧೈರ್ಯವನ್ನು ಹೊಗಳಿಕೊಳ್ಳುವುದಿಲ್ಲ. ಮಕ್ಕಳನ್ನು, ಅದರಲ್ಲೂ ಆ ಕುರುಡು ಮಗಳನ್ನು ಬಿಟ್ಟಿರುವ ಸಂಕಟ, ಗಲ್ಲಿಗೇರಿಸಿದರೆ ಏಣಿ ಹತ್ತುವಾಗ ಕಾಲು ನಡುಗಿ ದೇವರ ಹೆಸರಿಗೆ ಮಸಿ ಬಳಿದೇನೋ ಎಂಬ ಅಂಜಿಕೆ, ಇವುಗಳನ್ನು ಬಚ್ಚಿಡದೆ ಬರೆಯುತ್ತಾನೆ. ಪರಂಪರೆಯ ಜೀವ ಇಲ್ಲಿದೆ: ವಿಶ್ವಾಸ ಗಟ್ಟಿಯಿರುವವನು ನಿಂತ ಎಂಬುದು ಇಲ್ಲಿನ ಕಥೆಯಲ್ಲ; ನಡುಗುತ್ತಿದ್ದವನೂ ಹಿಂದಿರುಗಲಿಲ್ಲ ಎಂಬುದು ಕಥೆ.

ಈ ತಿಳಿವು ಪೂರ್ಣವಾಗಿ ಅರಳಿದ್ದು ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನ 1678ರ ಮೊದಲ ಭಾಗದಲ್ಲಲ್ಲ, 1684ರ ಎರಡನೆಯ ಭಾಗದಲ್ಲಿ. ವಿಮರ್ಶಕರು ಅದನ್ನು ಯಶಸ್ವಿ ಪುಸ್ತಕಕ್ಕೆ ಅಂಟಿಸಿದ ಸಪ್ಪೆ ಬಾಲ ಎಂದೇ ಎಣಿಸುತ್ತ ಬಂದಿದ್ದಾರೆ. ಮೊದಲ ಭಾಗದಲ್ಲಿ ಬಿಟ್ಟುಹೋದ ಹೆಂಡತಿ ಮಕ್ಕಳು ಯಾತ್ರೆ ಹೊರಡುವುದು ಇಲ್ಲಿ. ವೆಬರನ ಆಕ್ಷೇಪಕ್ಕೆ ಲೇಖಕನೇ ಕೊಟ್ಟ ಉತ್ತರವೂ ಇದೇ. ಇಲ್ಲಿ ಬರುವ ಮಿಸ್ಟರ್ ಫಿಯರಿಂಗ್ ಎಂಬ ಅಂಜುಬುರುಕ ಇಡೀ ಪರಂಪರೆಯ ಅತ್ಯುತ್ತಮ ಸೃಷ್ಟಿ. ಅವನ ಕಥೆಯನ್ನು ಮಾರ್ಗದರ್ಶಿಯಾದ ಗ್ರೇಟ್‌ಹಾರ್ಟ್ ಹೇಳುತ್ತಾನೆ. ನಿರಾಶೆಯ ಕೆಸರಿನ ದಡದಲ್ಲಿ ಇವನು ಒಂದು ತಿಂಗಳಿಗೂ ಹೆಚ್ಚು ಕಾಲ ಗೋಳಿಡುತ್ತ ಬಿದ್ದಿದ್ದ. ಬೇರೆಯವರು ಕೈ ಕೊಡಲು ಬಂದರೂ ದಾಟಲೊಲ್ಲ. ಹಿಂದಕ್ಕೆ ಹೋಗೆಂದರೆ ಅದೂ ಒಲ್ಲ. ಬಿಸಿಲೇರಿದ ಒಂದು ಬೆಳಗ್ಗೆ ಅದು ಹೇಗೋ ದಾಟಿದ. ದಾಟಿದ್ದೇನೆಂದು ಅವನೇ ನಂಬಲಿಲ್ಲ. ಬಾಗಿಲ ಬಳಿ ಹಿಂದೆ ಬಂದವರಿಗೆಲ್ಲ ದಾರಿ ಬಿಟ್ಟು ನಡುಗುತ್ತ ನಿಂತ. ಮುಂದಿನ ಮನೆಯ ಹೊರಗೂ ತಟ್ಟಲು ಧೈರ್ಯವಿಲ್ಲದೆ ಚಳಿಯಲ್ಲಿ ಬಿದ್ದುಕೊಂಡ. ಒಳಗಿದ್ದವರೇ ಎದ್ದು ಬಂದು ಕರೆಯಬೇಕಾಯಿತು.

ಆದರೆ ಈ ಅಂಜುಬುರುಕನಿಗೆ ಕಡಿದಾದ ಗುಡ್ಡವಾಗಲಿ ಸಿಂಹಗಳಾಗಲಿ ಲೆಕ್ಕಕ್ಕೇ ಇಲ್ಲ. ಆಡಂಬರದ ಸಂತೆಯಲ್ಲಿ ಅಲ್ಲಿನ ಜನರೆಲ್ಲರ ಮೇಲೆ ಜಗಳಕ್ಕೆ ನಿಲ್ಲುತ್ತಾನೆ. ದೀನತೆಯ ಕಣಿವೆಯಲ್ಲಿ ಮಾತ್ರ ಸುಖವಾಗಿ ನೆಲವನ್ನು ತಬ್ಬಿ ಹೂಗಳಿಗೆ ಮುತ್ತಿಡುತ್ತಾನೆ. ಲೋಕಕ್ಕೆ ಹೆದರದವನು, ತನ್ನನ್ನು ಒಳಗೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಮಾತ್ರ ಹೆದರಿದವನು. ಕೊನೆಯ ನದಿಯ ಬಳಿ ಮುಳುಗಿಯೇ ಹೋಗುತ್ತೇನೆ ಎಂದು ಕಂಗೆಡುತ್ತಾನೆ. ಆ ದಿನ ನದಿ ಹಿಂದೆಂದೂ ಕಾಣದಷ್ಟು ಇಳಿದಿರುತ್ತದೆ, ಪಾದ ನೆನೆಯುವುದಕ್ಕಿಂತ ತುಸುವೇ ಹೆಚ್ಚು. ಮೊದಲ ಭಾಗದ ಕೊನೆಯಲ್ಲಿ ನಿಶ್ಚಿಂತೆಯಿಂದ ದೋಣಿಯೇರಿ ಬಂದ ಇಗ್ನೊರೆನ್ಸ್ ಎಂಬವನನ್ನು ಬಾಗಿಲಿನಿಂದಲೇ ನರಕಕ್ಕೆ ತಳ್ಳಿದ ಲೇಖಕ, ಆರು ವರ್ಷಗಳ ನಂತರ ಸಂದೇಹಿಗಾಗಿ ನೀರನ್ನೇ ತಗ್ಗಿಸುತ್ತಾನೆ. ಆ ಮೊದಲ ತೀರ್ಪು ಕ್ರೂರ, ಅದನ್ನು ಸಮರ್ಥಿಸಬೇಕಾಗಿಲ್ಲ. ಬನ್ಯನ್ ಬೆಳೆದದ್ದು ಅಲ್ಲಿಂದ ಇಲ್ಲಿಗೆ.

ಫಿಯರಿಂಗ್ ಒಬ್ಬನೇ ಅಲ್ಲ. ತನ್ನಿಂದ ಇತರರಿಗೆ ಹೊರೆಯಾದೀತೆಂದು ಹಿಂದುಳಿಯಲು ನೋಡುವ ಫೀಬಲ್‌ಮೈಂಡ್‌ಗೆ, ಬಲವುಳ್ಳವರು ಅವನಿಗಾಗಿ ಕಾಯುತ್ತಾರೆ ಎಂದು ಗ್ರೇಟ್‌ಹಾರ್ಟ್ ಮಾತು ಕೊಡುತ್ತಾನೆ. ಅಷ್ಟರಲ್ಲಿ ಊರುಗೋಲಿನ ಮೇಲೆ ಕುಂಟುತ್ತ ಬಂದ ರೆಡಿಟುಹಾಲ್ಟ್ ತನ್ನ ಎರಡು ಊರುಗೋಲುಗಳಲ್ಲಿ ಒಂದನ್ನು ಅವನಿಗೆ ಕೊಡಲು ಮುಂದಾಗುತ್ತಾನೆ. ನಿರಾಶೆಯ ದೈತ್ಯನನ್ನು ಕೊಂದ ದಿನ ಇದೇ ಕುಂಟ, ಒಂದು ಕೈಯಲ್ಲಿ ಊರುಗೋಲು ಹಿಡಿದು, ದೈತ್ಯನ ಸೆರೆಯಿಂದ ಬಿಡಿಸಿದ ಹುಡುಗಿಯ ಜೊತೆ ಕುಣಿಯುತ್ತಾನೆ. ತಾಳ್ಮೆ ಇಲ್ಲಿ ಒಬ್ಬನ ಎದೆಗಾರಿಕೆಯಾಗಿ ಉಳಿದಿಲ್ಲ. ಜೊತೆಯವರ ನಡಿಗೆಯ ವೇಗವನ್ನು ತಗ್ಗಿಸುವ ಏರ್ಪಾಡಾಗಿದೆ.

ಇದರ ಪಕ್ಕದಲ್ಲಿ ಮಿಲ್ಟನ್ನನನ್ನು ಇಟ್ಟು ನೋಡಬೇಕು. ‘ಪ್ಯಾರಡೈಸ್ ರೀಗೇಂಡ್’ ಮತ್ತು ‘ಸ್ಯಾಮ್ಸನ್ ಅಗೊನಿಸ್ಟಿಸ್’ 1671ರಲ್ಲಿ ಒಟ್ಟಿಗೆ ಅಚ್ಚಾದಾಗ ಬನ್ಯನ್ ಇನ್ನೂ ಜೈಲಿನಲ್ಲಿದ್ದ. ಕುರುಡನಾಗಿ, ಸೋತ ಪಕ್ಷದವನಾಗಿ ಮಿಲ್ಟನ್ ಪಟ್ಟ ಕಷ್ಟ ಸಣ್ಣದಲ್ಲ. ಆದರೂ ಅವನ ಕ್ರಿಸ್ತ ಮರುಭೂಮಿಯಲ್ಲಿ ಒಮ್ಮೆಯೂ ಅಲುಗುವುದಿಲ್ಲ. ಪ್ರತಿ ಪ್ರಲೋಭನೆಗೂ ಸಿದ್ಧ ಉತ್ತರವಿದೆ. ಅವನ ಸ್ಯಾಮ್ಸನ್ ಸೈರಿಸಿಕೊಂಡದ್ದಕ್ಕೆ ಕೊನೆಗೆ ಕಂಬ ಕೆಡವಿದ ಕೀರ್ತಿ ಬೇಕಾಗುತ್ತದೆ. ಈ ತಾಳ್ಮೆ ಭವ್ಯವಾದದ್ದು, ಆದರೆ ಅದರಿಂದ ಯಾವ ಅಂಜುಬುರುಕನೂ ಒಂದು ಹೆಜ್ಜೆ ಮುಂದಿಡಲಾರ.

ಅಲುಗದವನೋ ನಡುಗುತ್ತ ನಡೆದವನೋ ಎಂಬ ಈ ಆಯ್ಕೆ ಕನ್ನಡದ ಓದುಗರಿಗೂ ಹೊಸದಲ್ಲ. ರಾಘವಾಂಕನ ಹರಿಶ್ಚಂದ್ರ ಸತ್ವಪರೀಕ್ಷೆಯಲ್ಲಿ ಗೆದ್ದ ದೊರೆ. ಕನ್ನಡಿಗರ ಮನಸ್ಸಿನಲ್ಲಿ ಅಚಲತೆಗೆ ಸಿಕ್ಕ ಗೌರವ ಬಹುಪಾಲು ಅಲ್ಲಿಂದ ಬಂದದ್ದು. ನವ್ಯರು ಅದನ್ನು ತಿರುಗಿಸಿದರು. 1965ರ ‘ಸಂಸ್ಕಾರ’ ಕಾದಂಬರಿಯ ನಂತರ ನಂಬಿಕೆ ಬಿರುಕು ಬಿಡುವ ಕ್ಷಣವೇ ಸಾಹಿತ್ಯದ ಕ್ಷಣವಾಯಿತು. ದ್ವಂದ್ವದಲ್ಲಿ ಸಿಕ್ಕವನು ಆಳವುಳ್ಳವನು, ನಂಬಿ ನಡೆದವನು ಮುಗ್ಧ ಎಂಬ ಅಳತೆಗೋಲು ವಿಮರ್ಶೆಯಲ್ಲಿ ಬೇರೂರಿತು. ಬಿರುಕಿನ ಮರುದಿನ, ಅದರ ಮರುದಿನ, ಹತ್ತು ವರ್ಷ, ಆ ಬಿರುಕನ್ನು ಹೊತ್ತುಕೊಂಡೇ ನಡೆದವರ ಬದುಕನ್ನು ಅಳೆಯಲು ಆ ಕೋಲಿಗೆ ಗೆರೆಗಳೇ ಇಲ್ಲ. ಅಂಥವರ ಸಂಖ್ಯೆ ಯಾವ ಮತದಲ್ಲೂ ಸಣ್ಣದಲ್ಲ.

ಬನ್ಯನ್ ಕನ್ನಡಕ್ಕೆ ಬಂದದ್ದು ಬಹಳ ಬೇಗ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ; ಆ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಅನುವಾದಿಸಿದ ‘ಯಾತ್ರಿಕನ ಸಂಚಾರ’ 1847ರಷ್ಟು ಹಳೆಯದು. ಸಾಹಿತ್ಯ ಚರಿತ್ರೆಗಳು ಇದರ ಬಗ್ಗೆ ಕನ್ನಡ ಗದ್ಯದ ಆರಂಭದ ಅನುವಾದಗಳ ಪಟ್ಟಿಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ಮತ ಬದಲಿಸಿದ್ದಕ್ಕೆ ಮನೆ, ಜಾತಿ, ಕಸುಬು ಕಳೆದುಕೊಂಡವರು ಆಗಿನ ಕರಾವಳಿಯ ಸಭೆಗಳಲ್ಲಿದ್ದರು. ಅವರಿಗೆ ದುಡಿಮೆ ಒದಗಿಸಲೆಂದೇ ಮಿಷನ್ ನೇಯ್ಗೆಗೂ ಮುಂದೆ ಹೆಂಚಿನ ಕಾರ್ಖಾನೆಗೂ ಕೈ ಹಾಕಿತು. ಆ ಓದುಗರ ಕಡೆಯಿಂದ ಈ ಪುಸ್ತಕವನ್ನು ನೋಡಿದ ವಿಮರ್ಶೆ ಬಂದರೆ, ತಾಳ್ಮೆಯ ಸಾಹಿತ್ಯ ಜನರನ್ನು ಮಲಗಿಸಿತು ಎಂಬ ಆರೋಪ ಉಳಿಯುವುದು ಕಷ್ಟ. ಇಂಗ್ಲೆಂಡಿನಲ್ಲಿ ಇತಿಹಾಸಕಾರ ಇ. ಪಿ. ಥಾಂಪ್ಸನ್ 1963ರಲ್ಲೇ ಈ ಕೃತಿಯನ್ನು ಥಾಮಸ್ ಪೇನನ ‘ರೈಟ್ಸ್ ಆಫ್ ಮ್ಯಾನ್’ ಪಕ್ಕದಲ್ಲಿಟ್ಟು, ಕಾರ್ಮಿಕ ಚಳವಳಿಯ ಎರಡು ಅಡಿಪಾಯದ ಗ್ರಂಥಗಳಲ್ಲಿ ಒಂದೆಂದು ಕರೆದಿದ್ದ.