ತಿದ್ದುಪಡಿ ಯಾರಿಗೆ ತಲುಪಿತು?

ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಬೇರೆಯವರು ಬರೆದ ಕಾಗದದಲ್ಲಿ ತಪ್ಪು ಹುಡುಕುವುದು ನಮ್ಮ ಹೊಟ್ಟೆಪಾಡು. ಹುಡುಕಿ ಹುಡುಕಿ ಅದೊಂದು ಚಟವೇ ಆಗಿಬಿಟ್ಟಿದೆ. ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಹತ್ತಿದ ಕೂಡಲೇ ನಾವು ಮೊಬೈಲಿನಲ್ಲಿ ತೆರೆಯುವುದು ವಿಕಿಪೀಡಿಯ ಎಂಬ ವಿಶ್ವಕೋಶದ ಮುಖಪುಟವನ್ನು. ಅಲ್ಲಿನ ಲೇಖನಗಳಿಗಿಂತ ಅದನ್ನು ತಿದ್ದುವವರ ವಾದವಿವಾದವೇ ನಮಗೆ ಹೆಚ್ಚು ರುಚಿ. ವಾಚಕರು ಕ್ಷಮಿಸಬೇಕು, ಇಂಥ ಹವ್ಯಾಸದವರೂ ಇರುತ್ತಾರೆ.

2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಹುಟ್ಟಿದ ಈ ಕೋಶ ಕನ್ನಡಕ್ಕೆ ಬಂದದ್ದು 2003ರಲ್ಲಿ. ಬರೆಯುವವರಿಗೂ ತಿದ್ದುವವರಿಗೂ ಕಾಸಿನ ಸಂಬಳವಿಲ್ಲ. ಇಂಗ್ಲಿಷಿನ ಮುಖಪುಟ ದಿನಕ್ಕೊಮ್ಮೆ ಬದಲಾಗುತ್ತದೆ. ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆಗೆ, ಅಂದರೆ ನಮ್ಮ ಬೀದಿಗೆ ಹಾಲಿನವನು ಬರುವ ಹೊತ್ತಿಗೆ. ಉಳಿದ ಪುಟಗಳನ್ನು ಬಹುಮಟ್ಟಿಗೆ ಯಾರು ಬೇಕಾದರೂ ತಿದ್ದಬಹುದು. ಮುಖಪುಟಕ್ಕೆ ಮಾತ್ರ ಬೀಗ. ನಿರ್ವಾಹಕರೆಂಬ ಕೆಲವರಿಗಷ್ಟೇ ಅದರ ಕೀಲಿ. ಮಿಕ್ಕವರು ತಪ್ಪು ಕಂಡರೆ ದೂರು ಬರೆಯಲು ಬೇರೆಯೇ ಒಂದು ಪುಟವಿದೆ.

ಆ ದೂರಿನ ಪುಟವನ್ನು ನಮ್ಮ ಕಚೇರಿಯ ಹೊಸಬರಿಗೆಲ್ಲ ತೋರಿಸಬೇಕೆಂದು ನಮ್ಮ ಆಸೆ. ‘ಈ ಪುಟ ಸರಿಯಿಲ್ಲ’ ಎಂದು ಬರಿದೆ ಗೊಣಗಿದರೆ ಅಲ್ಲಿ ನಡೆಯದು. ತಪ್ಪಿರುವ ವಾಕ್ಯವನ್ನು ಇದ್ದಂತೆಯೇ ಎತ್ತಿ ಬರೆಯಬೇಕು, ಅದರ ಬದಲಿಗೆ ಏನಿರಬೇಕೆಂದು ಹೇಳಬೇಕು, ಆಧಾರ ತೋರಿಸಬೇಕು. ಮೂಲ ಲೇಖನದಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಕೊಂಡು ಬಾ ಎನ್ನುತ್ತಾರೆ. ಒಂದು ಅಲ್ಪವಿರಾಮಕ್ಕಾಗಿ ಎಲ್ಲೆಲ್ಲಿಯವರೋ ಕೂತು ಚರ್ಚಿಸುತ್ತಾರೆ. 2005ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನದ 42 ಲೇಖನಗಳನ್ನು ತಜ್ಞರಿಂದ ಪರೀಕ್ಷಿಸಿದಾಗ ವಿಕಿಪೀಡಿಯದಲ್ಲಿ ಲೇಖನಕ್ಕೆ ಸರಾಸರಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು ತಪ್ಪು ಕಂಡವಂತೆ. ಬ್ರಿಟಾನಿಕಾದವರು ಈ ಲೆಕ್ಕವನ್ನು ಒಪ್ಪಲಿಲ್ಲ. ಬಿ.ಎಸ್‌ಸಿ. ಓದಿದ ನಮಗೂ 42 ಎಂಬುದು ಸಣ್ಣ ಸಂಖ್ಯೆಯೆಂದೇ ತೋರುತ್ತದೆ.

ಅಂಕಿಅಂಶದ ತಪ್ಪು ಹೇಗೋ ಸಿಕ್ಕಿಬೀಳುತ್ತದೆ. ಮಾತಿನ ತಪ್ಪು ಹಾಗಲ್ಲ. ‘ನಿಮಗೆ ಗೊತ್ತೇ?’ ಎಂಬ ವಿಭಾಗದಲ್ಲಿ ಒಂದು ಸಂಗತಿಯನ್ನು 200 ಅಕ್ಷರದೊಳಗೆ ಹೇಳಿ ಮುಗಿಸಬೇಕೆಂಬ ನಿಯಮವಿದೆ. ಇಕ್ಕಟ್ಟಿನಲ್ಲಿ ಮೊದಲು ಬಲಿಯಾಗುವುದು ಒಂದೆರಡು ಸಣ್ಣ ವಿಶೇಷಣಗಳು. ಕನ್ನಡದ ಮೊದಲ ವಾಕ್ಚಿತ್ರ ಯಾವುದು? 1934ರ ‘ಸತಿ ಸುಲೋಚನ’ ಎಂದರೆ ಯಾರೂ ತಪ್ಪೆನ್ನಲಾರರು. ಆದರೆ ‘ಮೊದಲು ಬಿಡುಗಡೆಯಾದ’ ಎಂದರೆ ಪೂರ್ತಿ ಸರಿ, ಏಕೆಂದರೆ ತಯಾರಿಕೆ ಮೊದಲು ಆರಂಭವಾದದ್ದು ‘ಭಕ್ತ ಧ್ರುವ’ದ್ದು. ‘ಬಿಡುಗಡೆಯಾದ’ ಎಂಬ ಒಂದು ಪದ ಬಿಟ್ಟರೆ ಅಕ್ಷರ ಉಳಿಯುತ್ತದೆ, ಒಂದು ಚಿತ್ರದ ಕಥೆ ಅಳಿಯುತ್ತದೆ.

ಇನ್ನು ನಮ್ಮ ಊರಿಗೇ ಸೇರಿದ ದಿನವೊಂದನ್ನು ನೋಡೋಣ: ಸೆಪ್ಟೆಂಬರ್ 17. ‘ಇತಿಹಾಸದಲ್ಲಿ ಈ ದಿನ’ ಎಂದು ಒಂದೇ ಸಾಲು ಬರೆಯಬೇಕಾದವನ ಪಾಡು ಊಹಿಸಿಕೊಳ್ಳಿ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನ ನಿಲ್ಲಿಸಿದರು. ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ವಿಧಿವತ್ತಾಗಿ ಶರಣಾದದ್ದು 18ರಂದು. ಹಾಗಾದರೆ 17ರಂದು ಆದದ್ದೇನು? ಶರಣಾಗತಿಯೆ, ವಿಲೀನವೆ, ವಿಮೋಚನೆಯೆ? ಕಲಬುರಗಿಯಲ್ಲಿ ಸರ್ಕಾರವೇ ಅದನ್ನು ವಿಮೋಚನಾ ದಿನವೆಂದು ಆಚರಿಸುತ್ತಿತ್ತು. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. 2022ರಲ್ಲಿ ಇದೇ ಹೈದರಾಬಾದಿನಲ್ಲಿ ಒಂದೇ ದಿನ ಕೇಂದ್ರ ಸರ್ಕಾರ ವಿಮೋಚನಾ ದಿನವನ್ನೂ ರಾಜ್ಯ ಸರ್ಕಾರ ರಾಷ್ಟ್ರೀಯ ಸಮೈಕ್ಯತಾ ದಿನವನ್ನೂ ಆಚರಿಸಿದವು. 2024ರಲ್ಲಿ ರಾಜ್ಯ ಸರ್ಕಾರ ಅದನ್ನೇ ಪ್ರಜಾಪಾಲನಾ ದಿನವೆಂದಿತು. ನಮ್ಮ ಸಂಘಕ್ಕೆ ಬರುವ ಬೀದರಿನ ಹಿರಿಯರೊಬ್ಬರು, “ನಮ್ಮ ಮನೀಗೆ ಅದು ಬಿಡುಗಡೀನೇ ರೀ, ಬ್ಯಾರೆ ಹೆಸರು ಬ್ಯಾಡ” ಎನ್ನುತ್ತಾರೆ. ಆ ಬಳಿಕ ಸಂಸ್ಥಾನದ ಮುಸಲ್ಮಾನರ ಮೇಲೆ ನಡೆದ ಹಿಂಸೆಯ ಬಗ್ಗೆ ಪಂಡಿತ ಸುಂದರಲಾಲ್ ಸಮಿತಿ ಕೊಟ್ಟ ವರದಿಯನ್ನು ಬಲ್ಲವರಿಗೆ ಆ ಒಂದು ಪದ ಸಾಲದು.

ಒಳ್ಳೆಯ ಸಂಪಾದಕ ಇಲ್ಲಿ ಏನು ಮಾಡುತ್ತಾನೆ? ‘ನಿಜಾಮರು ಕದನವಿರಾಮ ಘೋಷಿಸಿದರು’ ಎಂದು ನಡೆದಷ್ಟನ್ನು ಬರೆದು, ಹೆಸರಿಡುವ ಕೆಲಸವನ್ನು ಹೆಸರಿಟ್ಟವರಿಗೇ ಬಿಡುತ್ತಾನೆ. ಸಾಲು ಸಪ್ಪೆಯಾಗುತ್ತದೆ, ನಿಜ. ಉಪ್ಪಿಲ್ಲದ ಸಾರು ಎಂದು ಬೀದರಿನ ಹಿರಿಯರು ಮುಖ ಸಿಂಡರಿಸುತ್ತಾರೆ. ಮುಖಪುಟದ ಮಟ್ಟಿಗೆ ನಾವು ಸಪ್ಪೆಯ ಪರ. ಖಾರವೆಲ್ಲ ಒಳಗಿನ ಲೇಖನದಲ್ಲಿರಲಿ, ಯಾರು ಯಾವ ಹೆಸರಿಟ್ಟರು, ಏಕೆ ಇಟ್ಟರು ಎಂಬುದರ ಸಮೇತ.

ಇಷ್ಟು ಮೆಚ್ಚಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ದೂರು ಬಂತು, ತಪ್ಪನ್ನು ತಿದ್ದಿದರು ಎನ್ನಿ. ಆಮೇಲೆ ಆ ದೂರನ್ನೇ ಪುಟದಿಂದ ತೆಗೆದುಬಿಡುತ್ತಾರೆ. ಅಷ್ಟರಲ್ಲಿ ದಿನ ಮುಗಿದು ಸಾಲು ಮುಖಪುಟದಿಂದ ಇಳಿದಿದ್ದರೂ ಹಾಗೆಯೇ. ಹಳೆಯ ಆವೃತ್ತಿಗಳನ್ನು ಅಗೆದು ನೋಡುವವನಿಗೆ ಎಲ್ಲವೂ ಸಿಗುತ್ತದೆ. ಆದರೆ ಅಗೆಯುವವರು ಯಾರು? ಬೆಳಿಗ್ಗೆ ಏಳಕ್ಕೆ ತಪ್ಪು ಸಾಲು ಓದಿದವನಿಗೆ ಹತ್ತು ಗಂಟೆಗೆ ಅದು ಬದಲಾಯಿತೆಂದು ತಿಳಿಸುವ ಏರ್ಪಾಡಿಲ್ಲ. ನಮ್ಮ ಕಚೇರಿಯ ಮೇಲೆ ನೂರು ದೂರಿರಬಹುದು, ಆದರೆ ಒಂದು ನಿಯಮ ಗಟ್ಟಿ: ಮೂಲ ಆದೇಶ ಯಾರು ಯಾರಿಗೆ ಹೋಗಿತ್ತೋ ತಿದ್ದೋಲೆಯೂ ಅವರೆಲ್ಲರಿಗೂ ಹೋಗತಕ್ಕದ್ದು. ದಿನಪತ್ರಿಕೆಗಳು ಕೂಡ ಮಾರನೆಯ ದಿನ ಮೂಲೆಯಲ್ಲಾದರೂ ಎರಡು ಸಾಲಿನ ತಿದ್ದುಪಡಿ ಹಾಕುತ್ತವೆ. ‘ನಿನ್ನೆ ಈ ಪುಟದಲ್ಲಿ ಹೀಗೆಂದಿದ್ದೆವು, ಅದು ತಪ್ಪು’ ಎಂಬ ಒಂದು ಸಾಲಿಗೆ ಮುಖಪುಟದಲ್ಲಿ ಜಾಗವಿಲ್ಲವೆಂದರೆ ನಾವು ನಂಬೆವು.

ಕನ್ನಡದ ಮುಖ್ಯ ಪುಟದ ಕಷ್ಟ ಬೇರೆ. ಲೇಖನಗಳು 30,000 ದಾಟಿವೆ, ತಿದ್ದುವ ಕೈಗಳು ಕಡಿಮೆ, ದೂರುವ ಬಾಯಿಗಳು ಇನ್ನೂ ಕಡಿಮೆ. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯ ಅನುವಾದ ಯೋಜನೆಯಿಂದ ಭಾರತದ ಹಲವು ಭಾಷೆಗಳಿಗೆ, ಕನ್ನಡಕ್ಕೂ, ಇಂಗ್ಲಿಷಿನ ಲೇಖನಗಳು ರಾಶಿಯಾಗಿ ಬಂದು ಬಿದ್ದವು. ಆ ವಾಕ್ಯಗಳ ಮೈ ಮಾತ್ರ ಕನ್ನಡ, ಮೂಳೆ ಇಂಗ್ಲಿಷ್. ಊರಿನಲ್ಲಿರುವವರು ನಕ್ಕು ಸುಮ್ಮನಾಗಬಹುದು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು ಮಾತಾಡುವ ನಮ್ಮ ಮಕ್ಕಳಿಗೆ ತೆರೆಯ ಮೇಲಿನ ಕನ್ನಡವೇ ಮೇಲ್ಪಂಕ್ತಿ. ಅದು ಸರಿಯಿಲ್ಲವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ವಾರಕ್ಕೊಂದು ವಾಕ್ಯವನ್ನಾದರೂ ನಾವೇ ಹೋಗಿ ತಿದ್ದಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯಲ್ಲಿ ಮಾತ್ರ ಇದನ್ನು ‘ಬಿಟ್ಟಿ ಚಾಕರಿ’ ಎನ್ನುತ್ತಾರೆ.

ಇಷ್ಟೆಲ್ಲ ಬರೆಯುವ ನಮ್ಮ ಕೈ ಶುದ್ಧವೇ? ಅಲ್ಲ. 2022ರ ರಾಜ್ಯೋತ್ಸವಕ್ಕೆ ಸಂಘದ ಮಕ್ಕಳ ರಸಪ್ರಶ್ನೆ ತಯಾರಿಸಿದವರು ನಾವೇ. ‘1956ರ ನವೆಂಬರ್ 1ರಂದು ಉದಯವಾದ ನಮ್ಮ ರಾಜ್ಯದ ಹೆಸರೇನು?’ ಎಂದು ಕೇಳಿ, ಉತ್ತರ ‘ಕರ್ನಾಟಕ’ ಎಂದು ಬರೆದಿಟ್ಟುಕೊಂಡಿದ್ದೆವು. ಅದನ್ನು ನಕಲು ಮಾಡಿದ್ದು ಯಾರೋ ಮೊಬೈಲಿಗೆ ಕಳಿಸಿದ ಪಟ್ಟಿಯಿಂದ, ಯಾವ ವಿಶ್ವಕೋಶದಿಂದಲೂ ಅಲ್ಲ. ಆರನೇ ಕ್ಲಾಸಿನ ಹುಡುಗನೊಬ್ಬ ‘ಮೈಸೂರು’ ಎಂದು ಬರೆದ. ನಾವು ಸೊನ್ನೆ ಹಾಕಿದೆವು. ಅವನು ನಮ್ಮ ಮುಂದೆ ನಿಂತು, “ಅಂಕಲ್, ಹೆಸರು ಬದಲಾಗಿದ್ದು 1973ರಲ್ಲಿ ಅಂತ ಅಜ್ಜ ಹೇಳಿದ್ದಾರೆ” ಎಂದ. ಸಮಾರಂಭದ ಗಡಿಬಿಡಿ. “ಆಮೇಲೆ ನೋಡೋಣ ಮರಿ” ಎಂದು ಕಳಿಸಿದೆವು. ಮನೆಗೆ ಬಂದು ನೋಡಿದರೆ ಹುಡುಗನೇ ಸರಿ. ಮರುವರ್ಷದ ಪ್ರಶ್ನೆಪತ್ರಿಕೆಯಲ್ಲಿ ಸದ್ದಿಲ್ಲದೆ ತಿದ್ದಿಕೊಂಡೆವು. ಅಷ್ಟರಲ್ಲಿ ಅವನ ತಂದೆಗೆ ನಾಗಪುರಕ್ಕೆ ವರ್ಗವಾಗಿ ಸಂಸಾರ ಹೊರಟುಹೋಗಿತ್ತು.

ಆದುದರಿಂದ: 2022ರ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾದ ರಸಪ್ರಶ್ನೆಯ ಫಲಿತಾಂಶವನ್ನು ವಾಚಕರು ತಿದ್ದಿಕೊಳ್ಳಬೇಕು. ಐದನೆಯ ಪ್ರಶ್ನೆಗೆ ಸರಿಯುತ್ತರ ಮೈಸೂರು. ಆ ಒಂದು ಅಂಕ ಸೇರಿದರೆ ಎರಡನೆಯ ಬಹುಮಾನ ಆ ಹುಡುಗನದು. ಬಹುಮಾನದ ಪುಸ್ತಕವನ್ನು ಕೊಂಡು ಇಟ್ಟಿದ್ದೇವೆ. ನಾಗಪುರದ ವಿಳಾಸ ಬಲ್ಲವರು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ಪ್ರಾರ್ಥನೆ.