ನಾಲ್ಕೂ ನಿಂತಿವೆ, ವಿಮಾನ ಹಾರುತ್ತಿದೆ

ಹಳೆಯ ಬಾಂಬರ್‌ಗಳ ಹುಚ್ಚಿರುವವರ ಕಣ್ಣಿಗೆ ಒಂದಲ್ಲ ಒಂದು ಸಲ ಬೀಳುವ ಫೋಟೊ ಅದು. ಬೋಯಿಂಗ್ ಬಿ-17 ಆಕಾಶದಲ್ಲಿ ನೆಟ್ಟಗೆ ಹೋಗುತ್ತಿದೆ. ರೆಕ್ಕೆಯ ಮೇಲಿನ ನಾಲ್ಕು ಎಂಜಿನ್‌ಗಳೂ ಬಂದ್. ಪ್ರೊಪೆಲ್ಲರ್‌ಗಳ ಒಂದೊಂದು ಅಲಗನ್ನೂ ಎಣಿಸಬಹುದು. ತಿರುಗುತ್ತಿರುವುದು ಒಂದೇ. ಬಾಂಬ್ ಗುರಿಕಾರ ಕೂರಬೇಕಿದ್ದ ಗಾಜಿನ ಮೂತಿಯನ್ನು ಕಿತ್ತು, ಅಲ್ಲಿ ಕೂರಿಸಿದ ಐದನೆಯ ಎಂಜಿನ್ನು.

ಇಂಥ ಸಾಹಸ ಉಂಟೇ ಎಂದು ಬೆರಗಾಗುವವರಿಗೆ ನಿರಾಸೆ ಮಾಡುವುದು ನನಗೆ ಸ್ವಲ್ಪ ಇಷ್ಟದ ಕೆಲಸ. ಅದು ಸಾಹಸವೇ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ರೈಟ್ ಮತ್ತು ಪ್ರ್ಯಾಟ್ ಆ್ಯಂಡ್ ವಿಟ್ನಿ ಕಂಪನಿಗಳು ಹೊಸ ಟರ್ಬೊಪ್ರಾಪ್ ಎಂಜಿನ್‌ಗಳನ್ನು ಗಾಳಿಯಲ್ಲಿ ಪರೀಕ್ಷಿಸಲು ಬಿ-17ಗಳನ್ನು ಇಟ್ಟುಕೊಂಡಿದ್ದವು. ಮೂತಿಯ ಭಾರ ಸರಿದೂಗಿಸಲು ಕಾಕ್‌ಪಿಟ್ಟನ್ನೇ ಹಿಂದಕ್ಕೆ ಸರಿಸಿದರು. ರೆಕ್ಕೆಯ ಸೈಕ್ಲೋನ್ ಎಂಜಿನ್ ಒಂದೊಂದಕ್ಕೆ 1,200 ಅಶ್ವಶಕ್ತಿ, ನಾಲ್ಕೂ ಸೇರಿ 4,800. ಮೂತಿಯದು ಒಂದಕ್ಕೇ ಸುಮಾರು 5,500. ನಾಲ್ಕು ಜನ ಹೊರುವುದನ್ನು ಹೊರಬಲ್ಲ ಒಬ್ಬ ಬಂದಿದ್ದ, ಅಷ್ಟೆ. ಅದೂ ನಟ್ಟನಡುವೆ. ಹೀಗಾಗಿ ವಿಮಾನ ಎಡಕ್ಕೂ ಎಳೆಯುವುದಿಲ್ಲ, ಬಲಕ್ಕೂ ಇಲ್ಲ.

ಆ ಫೋಟೊದಲ್ಲಿ ನಾನು ನೋಡುವುದು ನಿಂತ ಅಲಗುಗಳನ್ನು. ಅವು ಸುಮ್ಮನೆ ನಿಂತಿಲ್ಲ, ಅಂಚನ್ನು ಗಾಳಿಗೆ ಕೊಟ್ಟು ನಿಂತಿವೆ. ಫೆದರಿಂಗ್ ಎನ್ನುವುದು ಇದನ್ನೇ. ಎಂಜಿನ್ ಕೆಟ್ಟಾಗ ಪ್ರೊಪೆಲ್ಲರನ್ನು ಹಾಗೇ ಬಿಟ್ಟರೆ ಎದುರುಗಾಳಿ ಅದನ್ನು ತಿರುಗಿಸುತ್ತದೆ, ಪ್ರೊಪೆಲ್ಲರ್ ಸತ್ತ ಎಂಜಿನ್ನಿನ ಪಿಸ್ಟನ್‌ಗಳನ್ನು ದಬ್ಬುತ್ತದೆ, ಆ ದುಡಿಮೆಯ ಲೆಕ್ಕವೆಲ್ಲ ವಿಮಾನದ ವೇಗದಿಂದಲೇ ವಜಾ ಆಗುತ್ತದೆ. ಬಿ-17ರ ಪೈಲಟ್ಟಿನ ಮುಂದಿನ ಫಲಕದಲ್ಲಿ ಇದಕ್ಕೆಂದೇ ನಾಲ್ಕು ಕೆಂಪು ಗುಂಡಿಗಳಿದ್ದವು. ಒತ್ತಿದರೆ ವಿದ್ಯುತ್ ಪಂಪು ಪ್ರೊಪೆಲ್ಲರಿನ ಗುಂಬಕ್ಕೆ ಎಣ್ಣೆ ನುಗ್ಗಿಸುತ್ತದೆ, ಅಲಗುಗಳು ಹೊರಳುತ್ತವೆ, ಕೆಲಸ ಮುಗಿದೊಡನೆ ಗುಂಡಿ ತಾನಾಗಿ ಹೊರಗೆ ಪುಟಿಯುತ್ತದೆ. ಗುಂಡೇಟಿಗೆ ಎಣ್ಣೆಯೆಲ್ಲ ಸೋರಿ ಹೋಗಿದ್ದರೆ? ಗುಂಡಿ ಒತ್ತಿ ಪ್ರಯೋಜನವಿಲ್ಲ. ಹಿಡಿತ ತಪ್ಪಿದ ಪ್ರೊಪೆಲ್ಲರ್ ಹುಚ್ಚೆದ್ದು ತಿರುಗಿ, ಕೊನೆಗೆ ಕಿತ್ತುಕೊಂಡು ಹೋಗುತ್ತಿದ್ದುದೂ ಉಂಟು.

ಇನ್ನೊಂದು ಗುಟ್ಟು ತೂಕದ್ದು. ಬಿ-17ಜಿ ಪೂರಾ ತುಂಬಿಕೊಂಡು ಹೊರಟರೆ ಹತ್ತಿರ ಹತ್ತಿರ 30 ಟನ್. ಖಾಲಿ ಒಡಲು 16 ಟನ್ನಿನ ಆಸುಪಾಸು. ಬಾಂಬಿಲ್ಲ, ಮೆಷಿನ್‌ಗನ್ ಇಲ್ಲ, ಪೆಟ್ರೋಲೂ ತಳದಲ್ಲಿದೆ ಎನ್ನಿ. ತೂಕ ಅರ್ಧಕ್ಕೆ ಇಳಿದರೆ, ವೇಗವನ್ನೂ ತಕ್ಕಂತೆ ಇಳಿಸಿಕೊಂಡಾಗ, ಮಟ್ಟವಾಗಿ ಹಾರಲು ಬೇಕಾದ ಶಕ್ತಿ ಅರ್ಧಕ್ಕಲ್ಲ, ಮೂರನೇ ಒಂದರ ಸಮೀಪಕ್ಕೆ ಇಳಿಯುತ್ತದೆ. ಖಾಲಿ ಬಾಂಬರ್ ಎರಡೇ ಎಂಜಿನ್ನಿನಲ್ಲಿ ಮನೆಗೆ ಬಂತು ಎಂಬ ಕಥೆಗಳಲ್ಲಿ ಪವಾಡಕ್ಕಿಂತ ಈ ಗಣಿತವೇ ಹೆಚ್ಚು.

ಆದರೆ ಉಳಿದ ಎರಡು ಯಾವ ಪಕ್ಕದವು? ಪಕ್ಕಕ್ಕೊಂದು ಉಳಿದರೆ ಪುಣ್ಯ. ಎರಡೂ ಒಂದೇ ಪಕ್ಕದವಾದರೆ ವಿಮಾನ ಸತ್ತ ಪಕ್ಕಕ್ಕೆ ತಿರುಗಿಕೊಳ್ಳಲು ಹವಣಿಸುತ್ತದೆ. ಪೈಲಟ್ ಬದುಕಿದ ಪಕ್ಕದ ರಡ್ಡರ್ ಪೆಡಲನ್ನು ಕಾಲು ನಡುಗುವವರೆಗೆ ಮೆಟ್ಟಿ, ರೆಕ್ಕೆಯನ್ನು ಅದೇ ಕಡೆಗೆ ತುಸು ವಾಲಿಸಿ ಹಿಡಿಯಬೇಕು. ರಡ್ಡರಿಗೆ ಬಲ ಬರುವುದು ಗಾಳಿಯ ಓಟದಿಂದ. ವೇಗ ಒಂದು ಮಿತಿಗಿಂತ ಇಳಿಯಿತೋ, ಎಷ್ಟು ಮೆಟ್ಟಿದರೂ ಅದು ಕೇಳುವುದಿಲ್ಲ. ಆಗ ದುಡಿಯುತ್ತಿರುವ ಎಂಜಿನ್ನೇ ವಿಮಾನವನ್ನು ಮಗುಚುತ್ತದೆ.

ಎಂಜಿನ್ ನಿಂತರೆ ನಿಲ್ಲುವುದು ಪ್ರೊಪೆಲ್ಲರ್ ಒಂದೇ ಅಲ್ಲ. 1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೆಯತ್ತ ಹೊರಟಿದ್ದ ಕೆನಡಾದ ಲ್ಯಾಂಕಾಸ್ಟರ್ ಬಾಂಬರ್ ಒಂದಕ್ಕೆ ಜರ್ಮನ್ ವಿಮಾನದ ಏಟು ಬಿದ್ದು ಎಡಗಡೆಯ ಎರಡೂ ಎಂಜಿನ್ ಹೋದವು. ಹಿಂಬದಿಯ ಗನ್ ಗೂಡು ತಿರುಗುತ್ತಿದ್ದುದು ಎಡ ಹೊರ ಎಂಜಿನ್ನಿನ ಹೈಡ್ರಾಲಿಕ್ ಪಂಪಿನಿಂದ. ಗೂಡು ಅರ್ಧಕ್ಕೇ ಸಿಕ್ಕಿಕೊಂಡು ಅದರ ಗನ್ನರ್ ಪ್ಯಾಟ್ ಬ್ರೋಫಿ ಒಳಗೇ ಸೆರೆಯಾದ. ಹಾರಿಕೊಳ್ಳಬಹುದಾಗಿದ್ದ ಜೊತೆಗಾರ ಆ್ಯಂಡ್ರೂ ಮಿನಾರ್ಸ್ಕಿ ಬೆಂಕಿಯ ನಡುವೆ ಹಿಂದಕ್ಕೆ ತೆವಳಿ ಅವನನ್ನು ಬಿಡಿಸಲು ನೋಡಿ, ಆಗದೆ, ಕೊನೆಗೆ ಉರಿಯುವ ಬಟ್ಟೆಯಲ್ಲೇ ಜಿಗಿದು ಸುಟ್ಟಗಾಯಗಳಿಂದ ಸತ್ತ. ಬ್ರೋಫಿ ವಿಮಾನದ ಜೊತೆಗೇ ನೆಲಕ್ಕಪ್ಪಳಿಸಿ ಬದುಕಿದ. ಯುದ್ಧದ ನಂತರ ಅವನು ಹೇಳಿದ್ದರಿಂದ ಮಿನಾರ್ಸ್ಕಿಗೆ 1946ರಲ್ಲಿ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ಇಂದಿಗೂ ಹಾರುವ ಸ್ಥಿತಿಯಲ್ಲಿರುವ ಎರಡು ಲ್ಯಾಂಕಾಸ್ಟರ್‌ಗಳಲ್ಲಿ ಒಂದು, ಕೆನಡಾದ ಹ್ಯಾಮಿಲ್ಟನ್‌ನಲ್ಲಿರುವುದು, ಅವನ ಹೆಸರಿನದು.

ಏರ್ ಶೋಗಳಲ್ಲಿ ಒಂದೆರಡು ಎಂಜಿನ್ ನಿಲ್ಲಿಸಿ ತೋರಿಸಲಿ ಎಂದು ಆಸೆಪಡುವವರಿದ್ದಾರೆ. ನನಗೆ ಅದು ಸರಿಕಾಣದು. ಕಾರ್ಖಾನೆಯಿಂದ ದಿನವೂ ಹೊಸ ವಿಮಾನಗಳು ಬರುತ್ತಿದ್ದ ಕಾಲದ ಆಟವನ್ನು ಎಂಬತ್ತು ವರ್ಷದ ಲೋಹದ ಮೇಲೆ ಆಡಬಾರದು. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್‌ನ ಬ್ರ್ಯಾಡ್ಲಿ ವಿಮಾನ ನಿಲ್ದಾಣದಿಂದ ಪ್ರಯಾಣಿಕರನ್ನು ಕೂರಿಸಿಕೊಂಡು ಎದ್ದ ಬಿ-17 ‘ನೈನ್-ಓ-ನೈನ್’ ವಿಷಯದಲ್ಲಿ ಎಂಜಿನ್ ನಿಲ್ಲಿಸಿದ್ದು ಆಟಕ್ಕಲ್ಲ. ಬಲ ತುದಿಯ ನಾಲ್ಕನೆಯದು ಕೈಕೊಟ್ಟಿತು, ಫೆದರ್ ಮಾಡಿದರು. ಪಕ್ಕದ ಮೂರನೆಯದೂ ಶಕ್ತಿ ಕಳೆದುಕೊಳ್ಳುತ್ತಿತ್ತು. ಸತ್ತದ್ದೂ ಸಾಯುತ್ತಿದ್ದುದೂ ಒಂದೇ ಪಕ್ಕದವು. ಎತ್ತರಕ್ಕೆ ತತ್ವಾರವಿದ್ದ ಆ ಹೊತ್ತಿನಲ್ಲಿ ಚಕ್ರಗಳನ್ನು ಬೇಗ ಇಳಿಸಿದ್ದರಿಂದ ಗಾಳಿಯ ತಡೆ ಇನ್ನಷ್ಟು ಹೆಚ್ಚಿತು. ರನ್‌ವೇ ಮುಟ್ಟುವ ಮೊದಲೇ ದೀಪಗಳ ಸಾಲಿಗೆ ತಗುಲಿತು. ಏಳು ಜನ ಸತ್ತರು. ತನಿಖೆಯವರು ಪೈಲಟ್ ವೇಗವನ್ನು ಮತ್ತು ಚಕ್ರ ಇಳಿಸುವಂಥ ವಿಮಾನದ ಹೊಂದಾಣಿಕೆಗಳನ್ನು ಸರಿಯಾಗಿ ನಿಭಾಯಿಸದ್ದನ್ನೂ ನಿರ್ವಹಣೆಯ ಲೋಪವನ್ನೂ ಹೆಸರಿಸಿದರು. ನಾಲ್ಕನೇ ಎಂಜಿನ್ನಿಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗಳಲ್ಲಿ ಒಂದರ ತಂತಿ ಕಳಚಿತ್ತು.

ಆ ಬಿ-17 ಕಾಲಿಂಗ್ಸ್ ಫೌಂಡೇಶನ್ ಎಂಬ ಸಂಸ್ಥೆಯದಾಗಿತ್ತು. ಅವರದೇ ಇನ್ನೊಂದು ಬಾಂಬರ್, ಬಿ-24 ಲಿಬರೇಟರ್, ನಮ್ಮ ಬೆಂಗಳೂರಿಗೆ ನೆಂಟ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್‌ಗಳನ್ನು ಮತ್ತೆ ಹಾರಬಾರದೆಂದೇ ಕೆಡಿಸಿ ಬಿಟ್ಟು ಹೋಗಿದ್ದರು. 1948ರಲ್ಲಿ ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ಅಂಗ ಇನ್ನೊಂದಕ್ಕೆ ಕೂಡಿಸಿ, ಹಾರುವಷ್ಟು ಮಾಡಿಕೊಂಡರು. ಕಂಪನಿಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು; ಪೂರ್ತಿ ದುರಸ್ತಿ ಇಲ್ಲಿ. ದಾರಿ ಸುಮಾರು 1,500 ಕಿಲೋಮೀಟರ್. ಲಿಬರೇಟರಿನ ಸಪೂರ ರೆಕ್ಕೆ ವೇಗದಲ್ಲಿ ಚೆಂದ, ನಿಧಾನದಲ್ಲಿ ಬಿ-17ರಷ್ಟು ಕ್ಷಮಿಸುವ ಜಾತಿಯಲ್ಲ. ಎಂಜಿನ್ ನಿಂತರೆ ಪೈಲಟ್ಟಿನ ಕಾಲಿಗೆ ಕೆಲಸ ಜಾಸ್ತಿ. ಪ್ರೇಕ್ಷಕರಿಲ್ಲದ ಆ ಹಾರಾಟಗಳ ಮುಂದೆ ಐದು ಪ್ರೊಪೆಲ್ಲರಿನ ಫೋಟೊ ನನಗೆ ಸಪ್ಪೆ. ಭಾರತೀಯ ವಾಯುಪಡೆ ಆ ಲಿಬರೇಟರುಗಳನ್ನು 1968ರವರೆಗೂ ದುಡಿಸಿಕೊಂಡಿತು. ಕಾಲಿಂಗ್ಸ್‌ನವರ ಕೈಸೇರಿದ ವಿಮಾನ ಅಮೆರಿಕದಲ್ಲಿ ಮರುಜೋಡಣೆಗೊಂಡು 1989ರಲ್ಲಿ ಮತ್ತೆ ನೆಲ ಬಿಟ್ಟಿತು, ನಾಲ್ಕೂ ಎಂಜಿನ್ ಚಾಲೂ ಇಟ್ಟುಕೊಂಡೇ.